ಹದಿನಾಲ್ಕನೆಯ ಪುಟದ ತಪ್ಪು-ಒಪ್ಪು

ಹಾಜರಿ ಪುಸ್ತಕದಲ್ಲಿ ಅವಳಿಗೆ ಒಂದು ಹೆಸರಿತ್ತು, ಜನರ ಬಾಯಲ್ಲಿ ಇನ್ನೊಂದು. ಗೇಟಿನ ಕಾವಲಿನವನಿಂದ ಹಿಡಿದು ಮಾತ್ರೆ ಹಂಚುವ ಸಿಸ್ಟರ್‌ಗಳವರೆಗೆ ಆ ಮಾನಸಿಕ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ತಕರಾರು ಮೇಡಂ' ಎಂದೇ. ಹೊಸದಾಗಿ ಸೇರಿದ ನರ್ಸ್ ಒಬ್ಬಳಂತೂ ಅದೇ ಅವಳ ನಿಜವಾದ ಹೆಸರೆಂದು ತಿಳಿದು, ಫೋನಿನಲ್ಲಿ ಬಹಳ ಮರ್ಯಾದೆಯಿಂದ "ತಕರಾರು ಮೇಡಂ ಇದ್ದಾರಾ?" ಎಂದು ವಿಚಾರಿಸಿದ್ದಳು. ಅವಳಿಗೆ ಬೇಸರವಾಗಲಿಲ್ಲ. ಇಪ್ಪತ್ತು ವರ್ಷ ಒಂದೇ ಕಡೆ ಮನಶ್ಶಾಸ್ತ್ರಜ್ಞೆಯಾಗಿ ದುಡಿದು ಒಂದು ಅಡ್ಡಹೆಸರನ್ನೂ ಗಳಿಸದೆ ನಿವೃತ್ತರಾಗುವವರು ಎಷ್ಟು ಜನರಿಲ್ಲ. ತನಗೆ ಇದಾದರೂ ದಕ್ಕಿತಲ್ಲ ಎನ್ನುತ್ತಿದ್ದಳು.

ಅವಳ ತಕರಾರು ಮುಖ್ಯವಾಗಿ ಒಂದು ಚೌಕದ ಮೇಲೆ. ಪ್ರತಿ ರೋಗಿಯ ಫೈಲಿನಲ್ಲೂ ಅಚ್ಚು ಹಾಕಿದ ಒಂದು ನಮೂನೆ ಇರುತ್ತಿತ್ತು. ಅದರ ಕೊನೆಗೆ 'ಕಾಯಿಲೆಯ ಅರಿವು' ಎಂಬ ಚೌಕ. ಅದರೊಳಗೆ 'ಇದೆ' ಎಂದೋ 'ಇಲ್ಲ' ಎಂದೋ ಬರೆಯಬೇಕು. ತನಗೆ ಕಾಯಿಲೆಯಿದೆ ಎಂದು ರೋಗಿ ಒಪ್ಪಿಕೊಂಡರೆ ಅರಿವು ಇದೆ, ಆದ್ದರಿಂದ ಚಿಕಿತ್ಸೆ ಮುಂದುವರಿಯಲಿ. ಒಪ್ಪದಿದ್ದರೆ ಅರಿವು ಇಲ್ಲ, ಆದ್ದರಿಂದ ಚಿಕಿತ್ಸೆ ಇನ್ನೂ ಜೋರಾಗಿ ಮುಂದುವರಿಯಲಿ. ಹೌದೆಂದರೂ ಒಳಗೆ, ಅಲ್ಲವೆಂದರೂ ಒಳಗೆ. ಇದು ಪರೀಕ್ಷೆಯಲ್ಲ, ಇಲಿಬೋನು ಎಂದು ಅವಳು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು. ಅವತ್ತಿನಿಂದ ಅರ್ಧ ಜನ ಅವಳ ಜೊತೆ ಟೀ ಕುಡಿಯುವುದನ್ನು ಬಿಟ್ಟರು.

ಜನ ನರಳುವುದು ಸುಳ್ಳೆಂದು ಅವಳು ಯಾವತ್ತೂ ಹೇಳಿದವಳಲ್ಲ. ಹೇಳಿದಳೆಂದು ಅವಳ ಮೇಲೆ ಗೂಬೆ ಕೂರಿಸಿದವರು ಮಾತ್ರ ಬೇಕಾದಷ್ಟು. ಮಾತ್ರೆಗಳನ್ನು ಎಸೆಯಿರಿ ಎಂದೂ ಅವಳು ಯಾರಿಗೂ ಹೇಳಿರಲಿಲ್ಲ. ನಿದ್ದೆಗೆಟ್ಟವನಿಗೆ ನಿದ್ದೆ ಬರಿಸಿ, ಬೇಡವೆಂದವರು ಯಾರು. ಆದರೆ ನಿದ್ದೆ ಯಾಕೆ ಕೆಟ್ಟಿತೆಂದು ಒಂದು ಮಾತು ಕೇಳದೆ ಅವನ ಹಣೆಗೆ ಒಂದು ರೋಗದ ಹೆಸರು ಅಂಟಿಸಿ ಕೈತೊಳೆದುಕೊಳ್ಳಬೇಡಿ, ಇಷ್ಟೇ ಅವಳ ವಾದ. ಅವಳಂತೆ ಯೋಚಿಸುವವರು ಊರಿನಲ್ಲಿ ಇನ್ನೂ ಮೂವರಿದ್ದರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಮೇಷ್ಟ್ರು, ನಿವೃತ್ತ ನರ್ಸ್ ಒಬ್ಬರು, ಆಸ್ಪತ್ರೆಯ ಕೆಲಸ ಬಿಟ್ಟು ಸ್ವಂತ ಕೋಣೆ ಮಾಡಿಕೊಂಡಿದ್ದ ಇನ್ನೊಬ್ಬ ಮನಶ್ಶಾಸ್ತ್ರಜ್ಞ. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಶನಿವಾರ ನಾಲ್ವರೂ ಸೇರುತ್ತಿದ್ದರು. ಕೆಳಗೆ ಹೊಲಿಗೆ ಯಂತ್ರಗಳ ಸದ್ದು, ಮೇಲೆ ಇವರ ಸದ್ದು. ಒಂದು ವರ್ಷ ಕೂತು ಅವರು ಹನ್ನೊಂದು ಪುಟದ ಬೇಡಿಕೆಪತ್ರ ಬರೆದಿದ್ದರು: ಆ ಚೌಕ ತೆಗೆಯಿರಿ, ರೋಗಿಗೆ ತನ್ನ ಫೈಲಿನಲ್ಲಿ ಏನಿದೆಯೆಂದು ಕೇಳುವ ಹಕ್ಕು ಕೊಡಿ, ಯಾರು ಹೇಳಿದ ಮಾತೆಂಬುದನ್ನು ಬರೆಯದೆ ಯಾವ ಮಾತನ್ನೂ ಬರೆಯಬೇಡಿ.

ಹನ್ನೊಂದು ಪುಟದಲ್ಲಿ ಒಂದು ಬೇಡಿಕೆ ಮಾತ್ರ ಈಡೇರಿತು, ಅದೂ ಅರ್ಧ. ವರ್ಷಕ್ಕೊಮ್ಮೆ ಪರಿಶೀಲನಾ ಸಭೆಗೆ ಮೊದಲು ರೋಗಿಗೆ ಅವರ ಫೈಲನ್ನು ಓದಿ ಹೇಳಬಹುದು ಎಂದು ದೊಡ್ಡ ಡಾಕ್ಟರು ಒಪ್ಪಿದರು. ಈ ದೊಡ್ಡ ಡಾಕ್ಟರೇ ಅವಳಿಗೆ ಕೆಲಸ ಕಲಿಸಿದವರು. ಕೆಟ್ಟ ಮನುಷ್ಯರಲ್ಲ. ರೋಗಿಗಳ ಮೇಲೆ ಯಾರಾದರೂ ಕೈಯೆತ್ತಿದರೆ ಅವರ ಬಾಯಿಂದ ಬೆಂಕಿ ಉದುರುತ್ತಿತ್ತು. ಆದರೆ ತಾವು ಬರೆದದ್ದು ತಪ್ಪಿರಬಹುದು ಎಂಬ ವಿಚಾರ ಅವರ ತಲೆಯ ಹತ್ತಿರ ಸುಳಿಯುವುದಕ್ಕೂ ಹೆದರುತ್ತಿತ್ತು. "ಓದಮ್ಮ, ಓದು, ಓದಿ ಓದಿ ನಿನಗೇ ಸುಸ್ತಾಗುತ್ತೆ" ಎಂದು ನಕ್ಕು ಸಹಿ ಹಾಕಿದ್ದರು.

ಹೀಗೆ ಅವಳು ಓದಲು ಎತ್ತಿಕೊಂಡ ಮೂರನೆಯ ಫೈಲು ಪೆನ್ಸಿಲಮ್ಮನದು.

ಪೆನ್ಸಿಲಮ್ಮ ಆಸ್ಪತ್ರೆಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಬಂದಾಗ ಮೂವತ್ತೈದು, ಈಗ ಐವತ್ತನಾಲ್ಕು. ಬರುವ ಮೊದಲು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವಳು. ತಾಯಿ ತೀರಿಕೊಂಡಾಗ ವಾರಗಟ್ಟಲೆ ನಿದ್ದೆ ಮಾಡಿರಲಿಲ್ಲ. ತಾಯಿ ಒಳಕೋಣೆಯಿಂದ ಕರೆಯುವುದು ಕೇಳಿಸುತ್ತಿತ್ತು. ಅಣ್ಣ ಕರೆತಂದು ಬಿಟ್ಟುಹೋದ. ನಿದ್ದೆ ಎರಡು ತಿಂಗಳಲ್ಲಿ ಸರಿಹೋಯಿತು, ತಾಯಿಯ ದನಿ ನಾಲ್ಕು ತಿಂಗಳಲ್ಲಿ ನಿಂತಿತು. ಆಮೇಲೂ ಅವಳು ಹೊರಗೆ ಹೋಗಲಿಲ್ಲ. ಅಣ್ಣ ಬರುವುದನ್ನು ನಿಲ್ಲಿಸಿ ಎಂಟು ವರ್ಷವಾಗಿತ್ತು. ಅದೇ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದ ಗೆಳತಿಯೊಬ್ಬಳು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಳು. ನನ್ನ ಜೊತೆ ಕಳಿಸಿಕೊಡಿ, ಒಂದು ಕೋಣೆ ಇದೆ, ಇಬ್ಬರಿಗೆ ಸಾಕು ಎಂದು ಅವಳು ಆರು ಸಲ ಅರ್ಜಿ ಕೊಟ್ಟಿದ್ದಳು. ಆರು ಸಲವೂ ಫೈಲಿನ ಒಂದೇ ಸಾಲು ಅಡ್ಡ ಬಂತು: ಮನೆಗೆ ಬೆಂಕಿ ಇಟ್ಟ ಇತಿಹಾಸವಿದೆ. ಹಾಗಿರುವಾಗ ಯಾರು ತಾನೇ ಧೈರ್ಯ ಮಾಡಿ ಸಹಿ ಹಾಕುತ್ತಾರೆ? ಆ ಸಾಲಿನ ದೆಸೆಯಿಂದ ಅವಳಿಗೆ ತೆರೆದ ವಾರ್ಡಿಲ್ಲ, ಅಡುಗೆಮನೆಯ ಕೆಲಸವಿಲ್ಲ, ತೋಟದ ಓಡಾಟವೂ ಇಲ್ಲ.

ಪೆನ್ಸಿಲಮ್ಮ ಎಂಬ ಹೆಸರು ಬಂದದ್ದು ಅವಳು ಯಾರನ್ನು ಕಂಡರೂ ಒಂದು ಪೆನ್ಸಿಲ್ ಕೇಳುತ್ತಿದ್ದುದರಿಂದ. ಸಿಕ್ಕಿದ ಹಳೆಯ ಪತ್ರಿಕೆ, ಮಾತ್ರೆ ಪೊಟ್ಟಣದ ಚೀಟಿ, ಗೋಡೆಯ ಮೇಲಿನ ಊಟದ ವೇಳಾಪಟ್ಟಿ ಎಲ್ಲದರ ಅಂಚಿನಲ್ಲೂ ಗೀಟು, ಕೊಕ್ಕೆ, ಸುತ್ತು. 'ಸಿಕ್ಕ ಕಾಗದದ ಮೇಲೆಲ್ಲ ಅರ್ಥವಿಲ್ಲದ ಗುರುತು ಹಾಕುತ್ತಾರೆ' ಎಂದು ಒಬ್ಬ ಪುಣ್ಯಾತ್ಮ ಅದನ್ನೂ ರೋಗಲಕ್ಷಣಗಳ ಪಟ್ಟಿಗೆ ಸೇರಿಸಿದ್ದ. ಅವು ಅಚ್ಚಿನ ತಪ್ಪು ತಿದ್ದುವ ಗುರುತುಗಳೆಂದು ಅವನಿಗೆ ಹೇಳುವವರು ಯಾರು? ಅವನು ಕೇಳಿರಲೂ ಇಲ್ಲ.

ಹಾಸಿಗೆ ಬಟ್ಟೆಗಳನ್ನು ಪೇರಿಸಿಡುವ ಕೋಣೆಯಲ್ಲಿ ಒಂದು ಮೇಜು ಖಾಲಿಯಿತ್ತು. ಸೋಪಿನ ವಾಸನೆಯ ನಡುವೆ ಇಬ್ಬರೂ ಎದುರುಬದುರು ಕೂತರು. ಪೆನ್ಸಿಲಮ್ಮನ ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿತ್ತು. ಮನಶ್ಶಾಸ್ತ್ರಜ್ಞೆ ಮೊದಲ ಪುಟದಿಂದ ಶುರುಮಾಡಲಿದ್ದಳು, ಅಷ್ಟರಲ್ಲಿ ಪೆನ್ಸಿಲಮ್ಮ ಕೈಯೆತ್ತಿ ತಡೆದಳು.

"ಹಾಗಲ್ಲ ಮೇಡಂ. ಒಬ್ಬರೇ ಓದಿದ್ರೆ ತಪ್ಪು ಸಿಗಲ್ಲ. ಮೂಲ ನೀವು ಓದಿ, ಕರಡು ನಾನು ಹಿಡ್ಕೋತೀನಿ."

ಮುದ್ರಣಾಲಯದಲ್ಲಿ ನಡೆಯುವುದು ಹಾಗಂತೆ. ಒಬ್ಬರು ಲೇಖಕರ ಕೈಬರಹವನ್ನು ಗಟ್ಟಿಯಾಗಿ ಓದುತ್ತ ಹೋಗಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟಿರಬೇಕು. ಎಲ್ಲಿ ಎರಡೂ ಕೂಡುವುದಿಲ್ಲವೋ ಅಲ್ಲಿ ಪೆನ್ಸಿಲ್ ನಿಲ್ಲುತ್ತದೆ. ಮನಶ್ಶಾಸ್ತ್ರಜ್ಞೆಗೆ ನಗು ಬಂತು, ಒಳಗೊಳಗೇ ಖುಷಿಯೂ ಆಯಿತು. ಕಳೆದ ವರ್ಷದ ವರದಿಯನ್ನು ಬಿಚ್ಚಿ ಪೆನ್ಸಿಲಮ್ಮನ ಮುಂದಿಟ್ಟು, ತಾನು ಮೊದಲ ಪುಟ ಓದತೊಡಗಿದಳು. ಅದನ್ನು ಬರೆದಿದ್ದವರು ಅಂದಿನ ಕರ್ತವ್ಯದ ಡಾಕ್ಟರೊಬ್ಬರು. ಅವರು ಊರು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಅರ್ಧ ಪುಟ ದಾಟುವಾಗ ಮೂರು ಸಣ್ಣ ವಾಕ್ಯಗಳು ಬಂದವು. ಅಡುಗೆಮನೆಗೆ ಬೆಂಕಿ ಇಟ್ಟಳೆಂದು ಅಣ್ಣ ಹೇಳುತ್ತಾರೆ. ರೋಗಿ ಇದನ್ನು ಒಪ್ಪುವುದಿಲ್ಲ. ಬೇರೆ ಸಾಕ್ಷಿ ಇಲ್ಲ.

ಪೆನ್ಸಿಲ್ ನಿಂತಿತು.

"ನನ್ನದರಲ್ಲಿ ಹಾಗಿಲ್ಲ" ಎಂದಳು ಪೆನ್ಸಿಲಮ್ಮ. ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಇದ್ದುದು ಇಷ್ಟೇ: ಮನೆಗೆ ಬೆಂಕಿ ಇಟ್ಟ ಇತಿಹಾಸವಿದೆ. ಕಾಯಿಲೆಯ ಅರಿವಿಲ್ಲ.

ಮೂರು ವಾಕ್ಯ ಎಲ್ಲಿ ಒಂದಾಯಿತು? ಹುಡುಕಲು ಹಿಂದಕ್ಕೆ ಹೊರಟರು. ಅದರ ಹಿಂದಿನ ವರ್ಷದಲ್ಲೂ ಅದೇ ಸಾಲು, ಅದರ ಹಿಂದಿನದರಲ್ಲೂ ಅದೇ. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಕೈ ಬದಲಾಗಿದ್ದವು. ಪ್ರತಿ ಕೈಯೂ ಹಿಂದಿನ ಪುಟ ನೋಡಿ ಬರೆದಿತ್ತು, ಮೊದಲ ಪುಟ ನೋಡಿ ಬರೆದದ್ದು ಒಂದೂ ಇಲ್ಲ. ಹದಿನಾಲ್ಕನೆಯ ಪುಟಕ್ಕೆ ಬಂದಾಗ ಹುಡುಕಾಟ ಮುಗಿಯಿತು. ಪೆನ್ಸಿಲಮ್ಮ ಬಂದ ಮೂರನೆಯ ತಿಂಗಳು ಮೊದಲ ಸಭೆಗಾಗಿ ಮಾಡಿದ ಸಾರಾಂಶ ಅದು. ಅಣ್ಣ ಕಳಚಿಹೋದದ್ದು ಅಲ್ಲಿ. ಸಾಕ್ಷಿ ಇಲ್ಲವೆಂಬ ಮಾತು ಹೋದದ್ದೂ ಅಲ್ಲಿ. ಒಪ್ಪುವುದಿಲ್ಲ ಎಂದಿದ್ದದ್ದು 'ಅರಿವಿಲ್ಲ' ಆದದ್ದೂ ಅಲ್ಲೇ.

ಮನಶ್ಶಾಸ್ತ್ರಜ್ಞೆ ಪುಟವನ್ನು ಹತ್ತಿರಕ್ಕೆ ಹಿಡಿದಳು. ಅಕ್ಷರಗಳು ಬಲಕ್ಕೆ ವಾಲಿದ್ದವು, ಸಾಲಿನ ಕೊನೆಯಲ್ಲಿ ಒಂದೊಂದು ಪುಟ್ಟ ಬಾಲ. ಕೆಳಗಿನ ಸಹಿ ಇಪ್ಪತ್ತೇಳು ವರ್ಷದ ತರಬೇತಿಯ ಹುಡುಗಿಯದು. ಅವಳದೇ.

"ಇದರ ಕೆಳಗೆ ಯಾರ ಸಹಿ ಇದೆ?" ಎಂದು ಪೆನ್ಸಿಲಮ್ಮ ಕೇಳಿದಳು.

"ಶಾಯಿ ಹರಡಿದೆ ಅಕ್ಕ, ಸರಿಯಾಗಿ ಕಾಣಿಸ್ತಿಲ್ಲ" ಎಂದು ಅವಳು ಫೈಲು ಮುಚ್ಚಿದಳು.

ಹಾಗೆ ಸುಳ್ಳು ಹೇಳಿ ಅವಳು ಹೊರಗೆ ಬಂದಳು. ನಾಚಿಕೆ ಎಂದರೆ ಇಂಥ ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಇಪ್ಪತ್ತು ವರ್ಷ ಯಾರ ಯಾರ ಮೇಲೋ ಬೆರಳು ತೋರಿಸಿದ್ದಳು. ಕಣ್ಣು ಮುಚ್ಚಿ ನಕಲು ಹೊಡೆಯುತ್ತೀರಿ ಎಂದು ಸಭೆಗಳಲ್ಲಿ ಚುಚ್ಚಿದ್ದಳು. ಅವರೆಲ್ಲ ನಕಲು ಹೊಡೆದದ್ದು ಅವಳು ಬರೆದುಕೊಟ್ಟದ್ದನ್ನು.

ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸಂಜೆ ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿದ್ದಾಗ ಅವಳು ಬಂದು ಸ್ಟೂಲಿನ ಮೇಲೆ ಕೂತು ನಡೆದದ್ದೆಲ್ಲ ಹೇಳಿದಳು. ಅವನು ಮಸೂರ ತೆಗೆಯದೆಯೇ ಕೇಳಿಸಿಕೊಂಡ. ಹಾಗಾದರೆ ಈ ಸಲ ತಕರಾರು ಮೇಡಂ ಮೇಲೇ ತಕರಾರು ಎಂದು ತಮಾಷೆ ಮಾಡಿದ. ಅವಳು ನಗದಿದ್ದುದನ್ನು ಕಂಡು ಚಿಮುಟ ಕೆಳಗಿಟ್ಟು ಕೈ ಒರೆಸಿಕೊಂಡು ಪಕ್ಕಕ್ಕೆ ಬಂದು ಕೂತ. ಯಾಕೆ ಬಿಟ್ಟೆ, ನೆನಪಿದೆಯಾ ಎಂದು ಕೇಳಿದ. ಅವಳಿಗೆ ನೆನಪಿತ್ತು, ಅದೇ ಸಂಕಟ. ನಮೂನೆಯಲ್ಲಿ ಸಾರಾಂಶಕ್ಕೆಂದು ಬಿಟ್ಟಿದ್ದ ಚೌಕದಲ್ಲಿ ಎರಡು ಸಾಲಷ್ಟೇ ಹಿಡಿಸುತ್ತಿತ್ತು. ಅಣ್ಣ ಹೇಳುತ್ತಾರೆ, ರೋಗಿ ಒಪ್ಪುವುದಿಲ್ಲ, ಸಾಕ್ಷಿ ಇಲ್ಲ ಎಂದೆಲ್ಲ ಬರೆದರೆ ಚೌಕದಿಂದ ಆಚೆ ಹೋಗುತ್ತಿತ್ತು. ಅವಳು ಜಾಣತನದಿಂದ ಎರಡು ಸಾಲಿಗೆ ಇಳಿಸಿದ್ದಳು. ಸಾರಾಂಶ ಅಂದರೆ ಹೀಗಿರಬೇಕು ಎಂದು ದೊಡ್ಡ ಡಾಕ್ಟರು ಬೆನ್ನು ತಟ್ಟಿದ್ದರು. ಅವತ್ತು ಅವಳು ಮನೆಯವರೆಗೂ ಹಾಡು ಗುನುಗುತ್ತ ನಡೆದುಬಂದಿದ್ದಳು.

ಶನಿವಾರ ದರ್ಜಿ ಅಂಗಡಿಯ ಮೇಲೆ ಹೇಳಿದಾಗ ಮೂವರೂ ದಂಗಾದರು. ಮೊದಲು ಚೇತರಿಸಿಕೊಂಡವರು ಕಾಲೇಜು ಮೇಷ್ಟ್ರು. ಬರುವ ಗುರುವಾರದ ಸಭೆಯಲ್ಲಿ ಪೆನ್ಸಿಲಮ್ಮನ ಫೈಲಿದೆ, ಅದೇ ಸಭೆಯಲ್ಲಿ ನಮ್ಮ ಬೇಡಿಕೆಪತ್ರದ ಬಗ್ಗೆಯೂ ಮಾತು ಬರಲಿದೆ. ಇಂಥ ಪುರಾವೆ ಬೇಕೆಂದರೂ ಸಿಗುವುದಿಲ್ಲ, ಬಿಡಬಾರದು ಎಂದರು. ಮೊದಲ ಪುಟ, ಕೊನೆಯ ಪುಟ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ನಡುವೆ ಯಾರ ಕೈಯಲ್ಲಿ ತಪ್ಪಿತು ಎಂಬುದನ್ನು ಎತ್ತಲೇಬೇಡಿ.

"ಎತ್ತಿದ್ರೆ ಅವರಿಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ. ಬರೆದವಳೇ ನೀನು, ಈಗ ಬೊಬ್ಬೆ ಹೊಡೀತಿರೋಳೂ ನೀನು ಅಂತಾರೆ. ಒಂದು ವರ್ಷದ ಕೆಲಸ ನೀರಲ್ಲಿ ಹೋಗುತ್ತೆ. ಯಾರ ಕೈ ಅನ್ನೋದು ಇಲ್ಲಿ ಮುಖ್ಯ ಅಲ್ಲ."

ಅವಳಿಗೆ ಆ ಮಾತು ಹಿತವೆನಿಸಿತು. ಹಿತವೆನಿಸಿದ್ದೇ ಅವಳಿಗೆ ಅನುಮಾನ ತಂದಿತು. ಮೇಜಿನ ಮೇಲಿದ್ದ ಬೇಡಿಕೆಪತ್ರವನ್ನು ಎತ್ತಿಕೊಂಡು ಒಂಬತ್ತನೆಯ ಪುಟ ತೆಗೆದು ಮೇಷ್ಟ್ರ ಮುಂದೆ ತಳ್ಳಿದಳು.

"ಯಾರು ಹೇಳಿದ ಮಾತು ಅಂತ ಬರೆಯದೆ ಯಾವ ಮಾತನ್ನೂ ಬರೀಬೇಡಿ ಅಂತ ನಾವೇ ಬರೆದಿದ್ದೀವಿ. ಅಣ್ಣನ ಹೆಸರು ಬಿಟ್ಟಿದ್ದಕ್ಕೆ ಅವಳು ಹತ್ತೊಂಬತ್ತು ವರ್ಷ ಒಳಗಿದ್ದಾಳೆ. ಈಗ ನನ್ನ ಹೆಸರು ಬಿಡಿ ಅಂತೀರಾ?"

ಮೇಷ್ಟ್ರು ಮತ್ತೆ ವಾದಕ್ಕೆ ಇಳಿದರು. ನಿವೃತ್ತ ನರ್ಸ್ ಅವರ ತೋಳು ಹಿಡಿದು ಕೂರಿಸಿದರು. ಕೊನೆಗೂ ನಾಲ್ವರಲ್ಲಿ ಒಮ್ಮತ ಬರಲಿಲ್ಲ. ಅವಳು ಮಾತ್ರ ಮೆಟ್ಟಿಲಿಳಿಯುವಷ್ಟರಲ್ಲಿ ಗಟ್ಟಿ ಮನಸ್ಸು ಮಾಡಿಯಾಗಿತ್ತು.

ಬುಧವಾರ ಮಧ್ಯಾಹ್ನ ಅದೇ ಬಟ್ಟೆ ಕೋಣೆಗೆ ಪೆನ್ಸಿಲಮ್ಮನನ್ನು ಕರೆಸಿದಳು. ಪೀಠಿಕೆ ಹಾಕಲು ಹೋದರೆ ಧೈರ್ಯ ಸೋರಿಹೋಗುತ್ತದೆಂದು ಗೊತ್ತಿತ್ತು. ಕೂತವಳೇ ಹೇಳಿಬಿಟ್ಟಳು. "ಅಕ್ಕ, ಆ ಪುಟ ಬರೆದದ್ದು ನಾನು. ಅವತ್ತು ಸುಳ್ಳು ಹೇಳಿದೆ."

"ಗೊತ್ತು" ಎಂದಳು ಪೆನ್ಸಿಲಮ್ಮ. "ಸಹಿ ಅವತ್ತೇ ನೋಡಿದೆ. ಕಣ್ಣೇ ಅಲ್ವಾ ನನ್ನ ಕಸುಬು. ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ."

ಮನಶ್ಶಾಸ್ತ್ರಜ್ಞೆ ಕ್ಷಮಿಸಿ ಎಂದಳು. ಅಂಥ ಹೊತ್ತಿನಲ್ಲಿ ಜನ ಸಾಮಾನ್ಯವಾಗಿ ಕೈ ಹಿಡಿದು ಏನಾದರೊಂದು ಸಮಾಧಾನ ಹೇಳುತ್ತಾರೆ. ಪೆನ್ಸಿಲಮ್ಮ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಹತ್ತೊಂಬತ್ತು ವರ್ಷ ಮೇಡಂ. ಪರವಾಗಿಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ತಿದ್ದಿ."

ಆಮೇಲೆ ತನ್ನ ಮುದ್ರಣಾಲಯದ ಪದ್ಧತಿ ಹೇಳಿದಳು. ಪ್ರತಿ ಕರಡಿನ ಮೂಲೆಯಲ್ಲೂ ತಿದ್ದಿದವರು ಸಹಿ ಹಾಕಬೇಕಿತ್ತು. ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕಿದರೆ, ಯಾರ ಸಹಿ ಇದೆಯೋ ಅವರೇ ಕೂತು ತಪ್ಪು-ಒಪ್ಪಿನ ಚೀಟಿ ಬರೆದು, ಅಂಟು ಹಚ್ಚಿ, ಒಂದೊಂದು ಪ್ರತಿಗೂ ಕೈಯಾರೆ ಅಂಟಿಸಬೇಕಿತ್ತು. ಬೇರೆಯವರು ಸಹಾಯಕ್ಕೆ ಹೋಗುವಂತಿರಲಿಲ್ಲ. ಒಮ್ಮೆ ಒಂದು ಪಂಚಾಂಗದಲ್ಲಿ ಇವಳೇ ಒಂದು ತಾರೀಕು ಬಿಟ್ಟು, ಎಂಟುನೂರು ಪ್ರತಿಗೆ ಚೀಟಿ ಅಂಟಿಸಿದ್ದಳಂತೆ. ಬೆರಳಿನ ಅಂಟು ಹೋಗಲು ಒಂದು ವಾರ ಬೇಕಾಯಿತಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿತ್ತು.

ಗುರುವಾರ ಸಭೆಯ ಕೋಣೆಯಲ್ಲಿ ಉದ್ದ ಮೇಜು, ಐದು ಕುರ್ಚಿ, ತಿರುಗುವಾಗ ಟಕಟಕ ಎನ್ನುವ ಫ್ಯಾನು. ನಡುವೆ ಆಸ್ಪತ್ರೆಯ ಆಡಳಿತಾಧಿಕಾರಿ, ನಿವೃತ್ತಿಗೆ ಆರು ತಿಂಗಳು ಉಳಿದಿದ್ದ ಹೆಂಗಸು. ಅವರ ಬಲಕ್ಕೆ ದೊಡ್ಡ ಡಾಕ್ಟರು. ಉಳಿದಿಬ್ಬರು ಡಾಕ್ಟರುಗಳು ದೊಡ್ಡ ಡಾಕ್ಟರ ತಲೆ ಅಲ್ಲಾಡಿದ ಕಡೆ ತಮ್ಮ ತಲೆ ಅಲ್ಲಾಡಿಸುವುದರಲ್ಲಿ ಎತ್ತಿದ ಕೈ. ಪೆನ್ಸಿಲಮ್ಮ ಹೊರಗೆ ಬೆಂಚಿನ ಮೇಲೆ ಗೆಳತಿಯ ಜೊತೆ ಕೂತಿದ್ದಳು.

ಮನಶ್ಶಾಸ್ತ್ರಜ್ಞೆ ಮೊದಲ ಪುಟ ಓದಿದಳು, ಕಳೆದ ವರ್ಷದ ಪುಟ ಓದಿದಳು, ಆಮೇಲೆ ಹದಿನಾಲ್ಕನೆಯ ಪುಟ ತೆರೆದು ಮೇಜಿನ ಮೇಲೆ ಇಟ್ಟಳು. ತಪ್ಪು ಶುರುವಾದದ್ದು ಇಲ್ಲಿ, ಬರೆದವಳು ನಾನು ಎಂದಳು. ಬೆಳಿಗ್ಗೆ ಬರೆದು ತಂದಿದ್ದ ಚೀಟಿಯನ್ನು ಪುಟದ ಪಕ್ಕದಲ್ಲಿಟ್ಟು, ಇದನ್ನು ಇಲ್ಲಿ ಅಂಟಿಸಲು ಅನುಮತಿ ಬೇಕೆಂದು ಕೇಳಿದಳು.

ದೊಡ್ಡ ಡಾಕ್ಟರು ಪುಟವನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಳ ಸಹಿಯ ಕೆಳಗೆ ಇನ್ನೊಂದು ಸಹಿ ಇದ್ದುದನ್ನು ಅವರು ಈಗ ನೋಡಿದರು; ಅದು ಅವರದು. ಪುಟವನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದರು.

"ಯಾಕಮ್ಮ ಬಿಟ್ಟೆ?" ಎಂದು ಕೊನೆಗೆ ಕೇಳಿದರು. ಗದರಿಕೆಯಿರಲಿಲ್ಲ; ತರಬೇತಿಯ ದಿನಗಳಲ್ಲಿ ಕೇಳುತ್ತಿದ್ದ ದನಿಯೇ ಅದು.

"ಜಾಗ ಇರ್ಲಿಲ್ಲ ಸರ್. ಚೌಕದಲ್ಲಿ ಎರಡೇ ಸಾಲು ಹಿಡಿಸ್ತಿತ್ತು. ಚೆನ್ನಾಗಿ ಚಿಕ್ಕದು ಮಾಡಿದ್ದೀಯ ಅಂತ ನೀವು ಹೊಗಳಿದ್ರಿ."

ಆ ಮಾತು ಚುಚ್ಚಲೆಂದು ಆಡಿದ್ದಲ್ಲ. ಆದರೂ ದೊಡ್ಡ ಡಾಕ್ಟರ ಕಿವಿ ಕೆಂಪಾಯಿತು. ಅವರು ಕುರ್ಚಿಗೆ ಒರಗಿ ಒಂದು ದಾರಿ ತೋರಿಸಿದರು. ಈಕೆಯನ್ನು ಇವತ್ತೇ ಗೆಳತಿಯ ಜೊತೆ ಕಳಿಸೋಣ, ನನ್ನ ಅಭ್ಯಂತರವಿಲ್ಲ, ಈಗಲೇ ಸಹಿ ಹಾಕುತ್ತೇನೆ. ಆದರೆ ಚೀಟಿ ಗೀಟಿ ಬೇಡ. ಒಂದು ಫೈಲಿಗೆ ಚೀಟಿ ಅಂಟಿಸಿದರೆ ನಾಳೆ ನಾನೂರು ಫೈಲುಗಳನ್ನೂ ಮೊದಲ ಪುಟದಿಂದ ತೆಗೆದು ನೋಡಬೇಕಾಗುತ್ತದೆ. ಈ ಆಸ್ಪತ್ರೆ ಬರೆದದ್ದನ್ನು ಆಮೇಲೆ ಯಾರು ನಂಬುತ್ತಾರೆ? ಉಳಿದಿಬ್ಬರ ತಲೆಗಳು ಅಲ್ಲಾಡಿದವು.

ಮನಶ್ಶಾಸ್ತ್ರಜ್ಞೆ ಇದನ್ನು ಎಣಿಸಿರಲಿಲ್ಲ. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದಳು, ಗೇಲಿಗೂ ಸಿದ್ಧವಾಗಿದ್ದಳು. ಬಾಗಿಲನ್ನೇ ತೆರೆದು ಹಿಡಿಯುತ್ತಾರೆಂದು ಊಹಿಸಿರಲಿಲ್ಲ. ಬೇಡ ಎನ್ನಲು ತಾನು ಯಾರು? ತನ್ನ ಹಟಕ್ಕೆ ಆ ಹೆಂಗಸು ಇನ್ನೊಂದು ವರ್ಷ ಒಳಗಿರಬೇಕೆ? ಹಾಗೆಂದು ಸರಿ ಎಂದು ತಲೆಯಾಡಿಸಲು ಕೂಡ ತಾನು ಯಾರು? ಹಿಂದೊಮ್ಮೆ ಹಾಗೆಯೇ ಅವಳ ಪರವಾಗಿ ತಾನೇ ಬರೆದುಬಿಟ್ಟಿದ್ದಳಲ್ಲ.

"ಅವರನ್ನೇ ಕೇಳೋಣ" ಎಂದಳು.

ಇಂಥದ್ದನ್ನು ರೋಗಿಯನ್ನು ಕೇಳುವ ರೂಢಿ ಇಲ್ಲ ಎಂದರು ದೊಡ್ಡ ಡಾಕ್ಟರು. ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಆಡಳಿತಾಧಿಕಾರಿ, ರೂಢಿ ಮಾಡಿದವರು ನಾವೇ ತಾನೇ ಎಂದು ಗಂಟೆ ಒತ್ತಿದರು.

ಪೆನ್ಸಿಲಮ್ಮ ಒಳಗೆ ಬಂದು ನಿಂತಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಮನಶ್ಶಾಸ್ತ್ರಜ್ಞೆ ಎರಡು ದಾರಿಗಳನ್ನೂ ಬಿಡಿಸಿ ಹೇಳಿದಳು. ಚೀಟಿ ಬೇಡವೆಂದರೆ ಇವತ್ತೇ ಮನೆಗೆ. ಚೀಟಿ ಬೇಕೆಂದರೆ ಸಭೆ ಏನು ತೀರ್ಮಾನ ಮಾಡುತ್ತದೋ ಗೊತ್ತಿಲ್ಲ, ಇನ್ನೂ ಕಾಯಬೇಕಾಗಬಹುದು. ತನ್ನ ಇಷ್ಟ ಯಾವುದೆಂದು ಒಂದು ಅಕ್ಷರವನ್ನೂ ಹೇಳಲಿಲ್ಲ.

ಪೆನ್ಸಿಲಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲ ಸಂದಿಯಲ್ಲಿ ಗೆಳತಿಯ ಚಪ್ಪಲಿ ಕಾಲುಗಳು ಕಾಣುತ್ತಿದ್ದವು.

"ಮನೆಗೆ ಹೋಗೋ ಆಸೆ ಎಷ್ಟಿದೆ ಅಂತ ನಿಮಗೆ ಗೊತ್ತಾಗಲ್ಲ" ಎಂದು ದೊಡ್ಡ ಡಾಕ್ಟರಿಗೆ ಹೇಳಿದಳು. "ಆದ್ರೆ ಈ ಸಾಲು ಹಾಗೇ ಉಳಿದ್ರೆ, ನಾಳೆ ನಾನು ಒಂದು ದಿನ ಜೋರಾಗಿ ಅತ್ತರೂ ಸಾಕು, ಯಾರೋ ಫೈಲ್ ತೆಗೀತಾರೆ, ಬೆಂಕಿ ಇಟ್ಟೋಳು ಅಂತ ಓದ್ತಾರೆ, ಮತ್ತೆ ಇಲ್ಲಿಗೆ ತರ್ತಾರೆ. ಮೊದಲು ತಿದ್ದಿ. ಆಮೇಲೆ ಹೋಗ್ತೀನಿ."

ಪೆನ್ಸಿಲಮ್ಮ ಮೇಜಿನ ಹತ್ತಿರ ಬಂದು ಚೀಟಿಯನ್ನು ಎತ್ತಿಕೊಂಡಳು. ಮೂಲ ಓದಿ ಎಂದು ಮನಶ್ಶಾಸ್ತ್ರಜ್ಞೆಗೆ ಸನ್ನೆ ಮಾಡಿದಳು. ದೊಡ್ಡ ಡಾಕ್ಟರು, ಆಡಳಿತಾಧಿಕಾರಿ, ತಲೆಯಾಡಿಸುವವರು ಎಲ್ಲರೂ ಇರುವಾಗಲೇ ಮನಶ್ಶಾಸ್ತ್ರಜ್ಞೆ ಮೊದಲ ಪುಟದ ಆ ಮೂರು ವಾಕ್ಯಗಳನ್ನು ಮತ್ತೆ ಗಟ್ಟಿಯಾಗಿ ಓದಿದಳು. ಪೆನ್ಸಿಲಮ್ಮನ ಕಣ್ಣು ಚೀಟಿಯ ಮೇಲೆ ಸರಿಯಿತು. ಅದರಲ್ಲಿ ಹೀಗಿತ್ತು: ಪುಟ ೧೪ರಲ್ಲಿ 'ಮನೆಗೆ ಬೆಂಕಿ ಇಟ್ಟ ಇತಿಹಾಸವಿದೆ' ಎಂಬುದು ತಪ್ಪು. 'ಅಡುಗೆಮನೆಗೆ ಬೆಂಕಿ ಇಟ್ಟಳೆಂದು ಅಣ್ಣ ಹೇಳುತ್ತಾರೆ, ಬೇರೆ ಸಾಕ್ಷಿ ಇಲ್ಲ' ಎಂಬುದು ಒಪ್ಪು.

"ಮತ್ತೆ ಬಿಟ್ಟಿದ್ದೀರಿ ಮೇಡಂ" ಎಂದಳು ಪೆನ್ಸಿಲಮ್ಮ.

ಮನಶ್ಶಾಸ್ತ್ರಜ್ಞೆ ಬಗ್ಗಿ ನೋಡಿದಳು. ಅಣ್ಣ ಇದ್ದ. ಸಾಕ್ಷಿ ಇಲ್ಲವೆಂಬ ಮಾತೂ ಇತ್ತು. ನಡುವಿನ ವಾಕ್ಯ ಇರಲಿಲ್ಲ. ರೋಗಿ ಇದನ್ನು ಒಪ್ಪುವುದಿಲ್ಲ ಎಂಬ ಮಾತು, ಆ ಮೂರರಲ್ಲಿ ಪೆನ್ಸಿಲಮ್ಮ ತಾನಾಗಿ ಆಡಿದ್ದ ಒಂದೇ ಒಂದು ಮಾತು, ಮತ್ತೆ ಬಿಟ್ಟುಹೋಗಿತ್ತು. ಚೀಟಿ ಚಿಕ್ಕದಾಗಿರಲಿ ಎಂದು ಬೆಳಿಗ್ಗೆ ಮೂರು ಸಲ ತಿದ್ದಿ ತಿದ್ದಿ ಬರೆದಿದ್ದಳು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಪ್ಪತ್ತು ವರ್ಷದ ತಕರಾರು, ಹನ್ನೊಂದು ಪುಟದ ಬೇಡಿಕೆ, ಎಷ್ಟೋ ಶನಿವಾರಗಳು. ಕೈ ಮಾತ್ರ ಇನ್ನೂ ಆ ಹುಡುಗಿಯ ಕೈಯೇ. ಕಣ್ಣೀರು ಬಂತು. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ.

"ಹೌದು, ಬಿಟ್ಟಿದ್ದೀನಿ" ಎಂದಳು. "ನೀವೇ ಬರೀರಿ ಅಕ್ಕ."

ಪೆನ್ಸಿಲಮ್ಮ ಸೊಂಟದಿಂದ ಮೋಟು ಪೆನ್ಸಿಲ್ ತೆಗೆದಳು. ಆಮೇಲೆ ಏನೋ ಯೋಚಿಸಿ ಅದನ್ನು ಮತ್ತೆ ಸಿಕ್ಕಿಸಿಕೊಂಡು, ದೊಡ್ಡ ಡಾಕ್ಟರ ಮುಂದೆ ಕೈ ಚಾಚಿದಳು. ಪೆನ್ಸಿಲ್ ಅಳಿಸಿಹೋಗುತ್ತದೆ, ಪೆನ್ನು ಬೇಕು ಎಂದಳು. ದೊಡ್ಡ ಡಾಕ್ಟರು ಆ ಕೈಯನ್ನು ನೋಡಿದರು, ಹದಿನಾಲ್ಕನೆಯ ಪುಟದ ಮೇಲಿನ ತಮ್ಮ ಸಹಿಯನ್ನು ನೋಡಿದರು. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟರು.

ಅವಳು 'ಹೇಳುತ್ತಾರೆ' ಎಂಬುದರ ಬಳಿಕ, ಬಿಟ್ಟುಹೋದದ್ದನ್ನು ಸೇರಿಸುವ ಸಣ್ಣದೊಂದು ಕೊಕ್ಕೆ ಹಾಕಿದಳು, ಫೈಲಿನಲ್ಲಿ ಅರ್ಥವಿಲ್ಲದ ಗುರುತೆಂದು ಬರೆಯಲಾಗಿದ್ದ ಅದೇ ಕೊಕ್ಕೆ. ಅದರಿಂದ ಅಂಚಿನವರೆಗೆ ಒಂದು ಗೆರೆ ಎಳೆದು, ಬಗ್ಗಿ, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಬರೆದಳು: ನಾನು ಬೆಂಕಿ ಇಟ್ಟಿಲ್ಲ. ಕೆಳಗೆ ತನ್ನ ನಿಜವಾದ ಹೆಸರಿನಲ್ಲಿ ಸಹಿ ಮಾಡಿದಳು. ಇನ್ನೂರ ಹನ್ನೆರಡು ಪುಟದ ಆ ಫೈಲಿನಲ್ಲಿ ಅವಳ ಕೈಬರಹ ಇದ್ದದ್ದು ಅದೊಂದೇ ಜಾಗದಲ್ಲಿ.

ಮನಶ್ಶಾಸ್ತ್ರಜ್ಞೆ ಅದರ ಕೆಳಗೆ ಸಹಿ ಮಾಡಿದಳು. ಪೆನ್ನು ಮೇಜಿನ ಮೇಲೆ ಮರಳಿತು. ಪೆನ್ಸಿಲಮ್ಮ ಹದಿನಾಲ್ಕನೆಯ ಪುಟದ ಎರಡನೆಯ ಸಹಿಯ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಳು. ಕೇಳಲಿಲ್ಲ, ಬೆರಳನ್ನು ತೆಗೆಯಲೂ ಇಲ್ಲ. ದೊಡ್ಡ ಡಾಕ್ಟರು ಕನ್ನಡಕ ಸರಿಮಾಡಿಕೊಂಡರು, ಕೆಮ್ಮಿದರು, ಪೆನ್ನು ಎತ್ತಿಕೊಂಡು ಚೀಟಿಯ ಕೊನೆಯಲ್ಲಿ ಸಹಿ ಮಾಡಿದರು. ಅವರ ಸಹಿ ಎಂದಿಗಿಂತ ಚಿಕ್ಕದಾಗಿತ್ತು. ಬಿಡುಗಡೆಯ ಕಾಗದಕ್ಕೆ ಆಡಳಿತಾಧಿಕಾರಿ ಮುದ್ರೆ ಒತ್ತಿದರು. ಬೇಡಿಕೆಪತ್ರದ ಮಾತು ಅವತ್ತು ಬರಲೇ ಇಲ್ಲ. ಮುಂದಿನ ತಿಂಗಳಿಗೆ ಹೋಯಿತು.

ಅಂಟು ತರಲು ಸಿಸ್ಟರ್ ಹೊರಟಾಗ ಮನಶ್ಶಾಸ್ತ್ರಜ್ಞೆ ತಾನೇ ಎದ್ದು ಹೋಗಿ ಕಚೇರಿಯಿಂದ ಬಾಟಲಿ ತಂದಳು. ಚೀಟಿಯ ಹಿಂಬದಿಗೆ ಅಂಟು ಸವರಿ, ಪುಟದ ಮೇಲಿಟ್ಟು, ನಡುವಿನಿಂದ ಅಂಚಿಗೆ ಬೆರಳಿನಿಂದ ಒತ್ತಿದಳು. ಪೆನ್ಸಿಲಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಒಂದು ಮೂಲೆ ಎದ್ದಿದೆ, ಸರಿಯಾಗಿ ಒತ್ತಿ ಎಂದು ಹೇಳಿದಳು. ಮೂಲೆ ಕೂತ ಮೇಲೆ, ಬಾಗಿಲ ಬಳಿ ಕಾಯುತ್ತಿದ್ದ ಗೆಳತಿಯ ಕಡೆ ತಿರುಗಿದಳು, ಹಿಂತಿರುಗಿ ನೋಡದೆ ವರಾಂಡ ದಾಟಿದಳು.

ಮನಶ್ಶಾಸ್ತ್ರಜ್ಞೆ ಬೆರಳಿನ ಅಂಟನ್ನು ತೊಳೆಯಲಿಲ್ಲ. ದಾಖಲೆಗಳ ಕೋಣೆಗೆ ಹೋಗಿ, ತನ್ನ ತರಬೇತಿಯ ವರ್ಷದ ಕಪಾಟು ಯಾವುದೆಂದು ಕೇಳಿದಳು. ಆ ವರ್ಷ ಅವಳು ನಲವತ್ತಾರು ಸಾರಾಂಶ ಬರೆದಿದ್ದಳು. ಮೇಲಿನಿಂದ ಮೊದಲನೆಯದನ್ನು ಎಳೆದು ಧೂಳು ಕೊಡವಿ ಮೇಜಿನ ಮೇಲಿಟ್ಟುಕೊಂಡು, ಮೊದಲ ಪುಟ ಗಟ್ಟಿಯಾಗಿ ಓದತೊಡಗಿದಳು.